ಆಟ ಮುಗಿದ ಮೇಲಿನ ಐದು ನಿಮಿಷ

ಗಿಡದ ರೆಂಬೆ ಸವರಿ ಕಪಾತ್ ಮಾಡಿ ತೋಟದ ಬದಿಗೆ ರಾಶಿ ಹಾಕಿದ್ದ ಕಾಫಿ ಕಡ್ಡಿಗಳನ್ನು ಒಂದೇ ಅಳತೆಗೆ ಕಡಿದು, ತೊಗಟೆ ಹೆರೆದು, ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು ಆ ಪ್ರಶಿಕ್ಷಣಾರ್ಥಿ. ಕೊಡಗಿನ ಒಂದು ಶಾಲೆಯ ಐದನೇ ತರಗತಿ, ಹದಿನಾಲ್ಕು ಮಕ್ಕಳು, ಪಾಠ ಲ.ಸಾ.ಅ., ಅಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ. ಮಕ್ಕಳನ್ನು ಎರಡು ಸಾಲು ಮಾಡಿ ಎದುರುಬದುರು ನಿಲ್ಲಿಸಿದಳು. ಎಲ್ಲರೂ ಒಟ್ಟಿಗೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗಬೇಕು. ಮೊದಲ ಸಾಲಿನವರು ಎರಡಕ್ಕೊಮ್ಮೆ ಕೋಲು ಹೊಡೆಯಬೇಕು, ಎರಡನೇ ಸಾಲಿನವರು ಮೂರಕ್ಕೊಮ್ಮೆ. ಆರು ಬಂದಾಗ ಎರಡೂ ಸಾಲಿನ ಕೋಲು ಒಟ್ಟಿಗೆ ಬಿತ್ತು. ಹನ್ನೆರಡಕ್ಕೆ ಮತ್ತೆ ಬಿತ್ತು. ಮಕ್ಕಳಿಗೆ ಗುಟ್ಟು ಸಿಕ್ಕಿಬಿಟ್ಟಿತು: ಎರಡು ಮೂರ್ಲ ಆರು, ಗುಣಿಸಿದರಾಯಿತು.

ಆಮೇಲೆ ಅವಳು ನಾಲ್ಕು ಮತ್ತು ಆರು ತೆಗೆದುಕೊಂಡಳು. ಮಕ್ಕಳೆಲ್ಲ ಇಪ್ಪತ್ತನಾಲ್ಕಕ್ಕೆ ಕಾಯುತ್ತಿದ್ದರು. ಹನ್ನೆರಡಕ್ಕೇ ಕೋಲುಗಳು ಒಟ್ಟಿಗೆ ಬಿದ್ದವು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ‘ತಾಳ ತಪ್ಪಿತು, ಮತ್ತೆ ಮೊದಲಿಂದ’ ಎಂದಳು ಟೀಚರ್. ಮತ್ತೆ ಹನ್ನೆರಡಕ್ಕೇ ಬಿತ್ತು. ಸಾಲಿನ ಕೊನೆಯಲ್ಲಿದ್ದ ಹುಡುಗನೊಬ್ಬ, ‘ತಾಳ ತಪ್ಪಿಲ್ಲ ಟೀಚರೇ, ಹನ್ನೆರಡರಲ್ಲೇ ಸೇರ್ತದೆ’ ಅಂದ. ಅವಳು ಗಡಿಯಾರ ನೋಡಿದಳು. ಹತ್ತು ನಿಮಿಷ ಉಳಿದಿತ್ತು. ಕೋಲುಗಳನ್ನು ಚೀಲಕ್ಕೆ ತುಂಬಿಸಿ, ಬೋರ್ಡಿನ ಮೇಲೆ ಲ.ಸಾ.ಅ.ದ ವ್ಯಾಖ್ಯೆ ಬರೆದು, ನೋಟ್ಸ್ ಬರೆದುಕೊಳ್ಳಿ ಎಂದಳು.

ಮಾರ್ಗದರ್ಶಿ ಶಿಕ್ಷಕಿಯಾಗಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕೈಯಲ್ಲಿದ್ದ ನಮೂನೆಯಲ್ಲಿ ‘ಚಟುವಟಿಕೆ’ ಎಂಬ ಒಂದು ಕಾಲಂ ಇತ್ತು, ಅದಕ್ಕೆ ಐದು ಅಂಕ. ನಾನು ಐದೂ ಕೊಟ್ಟೆ. ಇವತ್ತಿಗೂ ಆ ಐದು ಅಂಕ ನನ್ನನ್ನು ಕಾಡುತ್ತವೆ. ಅವಳ ಆಟ ನಿಜಕ್ಕೂ ಸೊಗಸಾಗಿತ್ತು, ಅಷ್ಟು ಯೋಚಿಸಿ ಕಟ್ಟಿದ ಗಣಿತದ ಆಟವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆದರೆ ಕೋಲುಗಳು ಇಪ್ಪತ್ತನಾಲ್ಕನ್ನು ಬಿಟ್ಟು ಹನ್ನೆರಡರಲ್ಲಿ ಸೇರಿದ ಆ ಗಳಿಗೆ ಇತ್ತಲ್ಲ, ಪಾಠ ಅಲ್ಲಿಂದ ಶುರುವಾಗಬೇಕಿತ್ತು. ನಾಲ್ಕಕ್ಕೂ ಆರಕ್ಕೂ ಎರಡು ಎಂಬ ಅಪವರ್ತನ ಸಾಮಾನ್ಯವಾಗಿದೆ, ಅದನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬುದು ಆ ಮಕ್ಕಳ ಕೈಗೆ ಆಗಲೇ ಗೊತ್ತಾಗಿತ್ತು. ಅದನ್ನು ಬಾಯಿಗೆ ತರಲು ಐದು ನಿಮಿಷ ಸಾಕಿತ್ತು. ‘ಯಾಕೆ ಹನ್ನೆರಡು?’ ಎಂದು ಕೇಳಿ ಸುಮ್ಮನೆ ನಿಂತಿದ್ದರೂ ಆಗುತ್ತಿತ್ತು.

ಹೊಸ ಶಿಕ್ಷಕರ ತರಬೇತಿಯಲ್ಲಿ ಆಟ, ನಾಟಕ, ಚಿತ್ರ, ಹಾಡು ಸೇರಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಸುತ್ತದೆ. ಸೇರಿಯೂ ಇದೆ. ನನ್ನ ಆತಂಕ ಬೇರೆ. ನಾವು ಆಟ ಆಡಿಸುವುದನ್ನು ಕಲಿಸುತ್ತಿದ್ದೇವೆ. ಆಟ ಮುಗಿದ ಮೇಲಿನ ಐದು ನಿಮಿಷವನ್ನು ಕಲಿಸುತ್ತಿಲ್ಲ. ಆಟದಲ್ಲಿ ಮಗು ಏನು ಮಾಡಿತು ಎಂದು ನೋಡುವ ಕಣ್ಣನ್ನೂ ಬೆಳೆಸುತ್ತಿಲ್ಲ.

ಕಾಗದದ ಮೇಲೆ ಕೊರತೆ ಏನಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಪಠ್ಯದ ಹೊರಗಿನ ಅಲಂಕಾರವಾಗಿ ನೋಡಬಾರದು ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನು ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕು ಎಂದು ಕಾನೂನಾಗಿಯೇ ಹೇಳುತ್ತದೆ. ಶಿಕ್ಷಕರ ತರಬೇತಿಯ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿದಾಗ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಪತ್ರಿಕೆಯೇ ಬಂತು, ಶಾಲಾ ಇಂಟರ್ನ್‌ಶಿಪ್ ಕನಿಷ್ಠ 20 ವಾರ ಎಂದಾಯಿತು. 2020ರ ರಾಷ್ಟ್ರೀಯ ನೀತಿ ಕಲೆ ಮತ್ತು ಆಟವನ್ನು ಬೋಧನೆಯೊಳಗೆ ಬೆರೆಸಲು ಹೇಳಿತು. ನಮ್ಮ ರಾಜ್ಯ ಆ ನೀತಿಯನ್ನು ಬಿಟ್ಟು ತನ್ನದೇ ನೀತಿ ರೂಪಿಸಲು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿತು. ಯಾವ ನೀತಿ ಗೆದ್ದರೂ ಶಿಕ್ಷಣ ಹಕ್ಕು ಕಾಯ್ದೆ ಹಾಗೆಯೇ ಇದೆ, ಆರು ವರ್ಷದ ಮಗು ಕಲಿಯುವ ಬಗೆಯೂ ಹಾಗೆಯೇ ಇದೆ.

ಆದರೆ ಈ ಒಳ್ಳೆಯ ಮಾತುಗಳು ತರಬೇತಿ ಕೋಣೆಗೆ ಬರುವಷ್ಟರಲ್ಲಿ ರೆಕಾರ್ಡ್ ಆಗಿಬಿಡುತ್ತವೆ. ಪ್ರಶಿಕ್ಷಣಾರ್ಥಿಗಳನ್ನು ಹತ್ತಿರದಿಂದ ಕಂಡವರಿಗೆ ಈ ಪದದ ಭಾರ ಗೊತ್ತು. ನಾಟಕ ಮತ್ತು ಕಲೆಯ ಪತ್ರಿಕೆಗೆ ಹೆಚ್ಚಿನ ಕಡೆ ಆಂತರಿಕ ಅಂಕವಷ್ಟೇ. ಅಂಕ ಕೊಡಲು ಸಾಕ್ಷಿ ಬೇಕು, ಸಾಕ್ಷಿ ಎಂದರೆ ಬೈಂಡು ಹಾಕಿಸಿದ ಪುಸ್ತಕ. ರಾತ್ರಿ ಹನ್ನೊಂದರವರೆಗೆ ಹಾಸ್ಟೆಲಿನಲ್ಲಿ ಕೂತು ಸ್ಕೆಚ್ ಪೆನ್ನಿನಲ್ಲಿ ಅಂಚು ಬರೆದು, ಬಣ್ಣದ ಕಾಗದ ಅಂಟಿಸಿ, ಪಾತ್ರಾಭಿನಯದ ಹತ್ತು ಉಪಯೋಗಗಳನ್ನು ಸುಂದರವಾಗಿ ಬರೆಯುತ್ತಾರೆ. ಆ ಎರಡು ವರ್ಷದಲ್ಲಿ ಒಂದೇ ಒಂದು ಪಾತ್ರವನ್ನೂ ಅಭಿನಯಿಸದೆ ಪತ್ರಿಕೆಯಲ್ಲಿ ಪೂರ್ಣ ಅಂಕ ಪಡೆದವರನ್ನು ನಾನು ಕಂಡಿದ್ದೇನೆ. ಅವರ ತಪ್ಪೇನಿಲ್ಲ. ಕೇಳಿದ್ದನ್ನು ಅವರು ಶ್ರದ್ಧೆಯಿಂದ ಮಾಡಿದರು.

ಮುಂದೆ ಕೆಲಸಕ್ಕೆ ಸೇರುವ ದಾರಿಯಲ್ಲಿಯೂ ಇದನ್ನು ಯಾರೂ ಕೇಳುವುದಿಲ್ಲ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ 150 ಬಹು ಆಯ್ಕೆ ಪ್ರಶ್ನೆ, 150 ನಿಮಿಷ. ನೇಮಕಾತಿ ಪರೀಕ್ಷೆಯೂ ಬರೆಯುವ ಪರೀಕ್ಷೆಯೇ. ನೇಮಕಾತಿಯಲ್ಲಿ ತರಗತಿ ಪ್ರಾತ್ಯಕ್ಷಿಕೆಯೋ ಸಂದರ್ಶನವೋ ಇರಬೇಕು ಎಂದು 2020ರ ನೀತಿ ಹೇಳಿತ್ತು. ಹಾಗಾದರೆ ಪ್ರಾತ್ಯಕ್ಷಿಕೆಯೂ ಒಂದು ದಿನದ ತಯಾರಿ ಪಾಠವಾಗುವ ಅಪಾಯ ಇದೆ, ನಿಜ. ಆದರೂ ಒಬ್ಬ ಶಿಕ್ಷಕಿ ಮಕ್ಕಳ ಮುಂದೆ ನಿಂತದ್ದನ್ನು ಯಾರೂ ನೋಡದೆ ಅವಳ ಕೈಗೆ ಮೂವತ್ತು ವರ್ಷದ ತರಗತಿಗಳನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಆಟ ಕಲಿಕೆಗೆ ಯಾಕೆ ಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. ಮಕ್ಕಳಿಗೆ ಬೇಸರವಾಗಬಾರದು, ಪಾಠದ ಕಹಿ ಮಾತ್ರೆಗೆ ಬೆಲ್ಲ ಸವರಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ 1933ರಲ್ಲಿ ಆಟದ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಮಾತು ಹೇಳಿದ್ದ: ಆಟದಲ್ಲಿ ಮಗು ತನ್ನ ದಿನನಿತ್ಯದ ಎತ್ತರಕ್ಕಿಂತ ಒಂದು ತಲೆ ಎತ್ತರಕ್ಕೆ ನಿಲ್ಲುತ್ತದೆ. ಅಂಗಡಿ ಆಟದಲ್ಲಿ ಅಂಗಡಿಯವನಾದ ಮಗು ಸಿಹಿ ಎದುರಿಗಿದ್ದರೂ ತಿನ್ನುವುದಿಲ್ಲ, ಏಕೆಂದರೆ ಅಂಗಡಿಯವನು ತಿನ್ನುವುದಿಲ್ಲ. ನಿಯಮವನ್ನು ತಾನೇ ಒಪ್ಪಿಕೊಂಡು ಅದಕ್ಕೆ ಬದ್ಧವಾಗಿರುವ ಶಕ್ತಿ, ಕಡ್ಡಿಯನ್ನು ಕುದುರೆ ಎಂದು ನೋಡುವ ಶಕ್ತಿ, ಇವೇ ಮುಂದೆ ‘ಕ’ ಎಂಬ ಗೆರೆಯನ್ನು ಒಂದು ಸದ್ದು ಎಂದು ನೋಡಲು, ‘5’ ಎಂಬ ಗುರುತನ್ನು ಐದು ವಸ್ತು ಎಂದು ನೋಡಲು ಬೇಕಾಗುವ ಶಕ್ತಿಗಳು. ಇದು ಶಿಕ್ಷಕಿಗೆ ಗೊತ್ತಿದ್ದರೆ ಅವಳು ಆಟವನ್ನು ನೋಡುವ ರೀತಿಯೇ ಬದಲಾಗುತ್ತದೆ.

ಎರಡನೇ ತರಗತಿಯ ಒಂದು ಸಂತೆ ಆಟ ನೆನಪಾಗುತ್ತದೆ. ಪ್ರಶಿಕ್ಷಣಾರ್ಥಿ ಒಬ್ಬ ಸೋಮವಾರಪೇಟೆ ಕಡೆಯ ಹುಡುಗ. ಶಾಲೆಯ ಜಗಲಿಯಲ್ಲಿ ಗೋಣಿ ಹಾಸಿ, ಕಿತ್ತಳೆ, ಒಣಮೆಣಸು, ಕಣಿಲೆ, ಹುಣಸೆ ಬೀಜ ಎಲ್ಲ ಹರವಿ, ಕಾಗದದ ನೋಟು ಮಾಡಿ ಕೊಟ್ಟಿದ್ದ. ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ, ಯರವ ಬುಡಕಟ್ಟಿನ ಮಗು. ಮೂರು ವಾರದಲ್ಲಿ ಆ ಹುಡುಗಿಯ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಅವನ ವೀಕ್ಷಣಾ ಪುಸ್ತಕದಲ್ಲಿ ‘ಮಾತು ಇಲ್ಲ, ಕಲಿಕೆ ನಿಧಾನ’ ಎಂದು ಬರೆದಿತ್ತು. ಸಂತೆಯಲ್ಲಿ ಅವಳಿಗೆ ಮೆಣಸಿನ ಗೋಣಿ ಸಿಕ್ಕಿತು. ಮೊದಲು ಸುಮ್ಮನೆ ಕೂತಿದ್ದಳು. ಒಬ್ಬ ಹುಡುಗ ಬಂದು ಮುಷ್ಟಿ ತುಂಬ ಮೆಣಸು ಎತ್ತಿಕೊಂಡು ಹತ್ತು ರೂಪಾಯಿ ಇಟ್ಟು ಹೊರಟ. ಅವಳು ಎದ್ದು ಅವನ ಅಂಗಿ ಹಿಡಿದಳು. ತನ್ನ ಮಾತಿನಲ್ಲಿ ಗಟ್ಟಿಯಾಗಿ ಬೈದು, ಮೂವತ್ತು ಎಂದು ಬೆರಳು ತೋರಿಸಿ, ಐವತ್ತರ ನೋಟು ಈಸಿಕೊಂಡು ಇಪ್ಪತ್ತು ವಾಪಸು ಕೊಟ್ಟಳು. ಲೆಕ್ಕ ಸರಿಯಾಗಿತ್ತು. ಆ ಬೈಗುಳ ನಮಗೆ ಯಾರಿಗೂ ಅರ್ಥವಾಗಲಿಲ್ಲ, ಪಕ್ಕದ ಗೋಣಿಯ ಹುಡುಗನೊಬ್ಬ ಮಾತ್ರ ಬಿದ್ದು ಬಿದ್ದು ನಕ್ಕ.

ಈ ಪ್ರಶಿಕ್ಷಣಾರ್ಥಿ ಆಟವನ್ನು ನಿಲ್ಲಿಸಲಿಲ್ಲ, ಕನ್ನಡದಲ್ಲಿ ಹೇಳು ಎನ್ನಲಿಲ್ಲ. ಸಂತೆ ಮುಗಿದ ಮೇಲೆ ನಕ್ಕ ಹುಡುಗನ ಹತ್ತಿರ ಹೋಗಿ, ‘ಅವಳು ಏನಂದಳೋ?’ ಎಂದು ಕೇಳಿದ. ಆ ಹುಡುಗ ಕನ್ನಡಕ್ಕೆ ತಿರುಗಿಸಿ ಹೇಳಿದ. ಅದನ್ನು ಬೋರ್ಡಿನ ಮೇಲೆ ಬರೆದು, ಎಲ್ಲರ ಕೈಲೂ ಓದಿಸಿದ. ಆ ಹುಡುಗಿ ತನ್ನ ಮಾತು ಬೋರ್ಡಿನ ಮೇಲೆ ನಿಂತದ್ದನ್ನು ತುಂಬ ಹೊತ್ತು ನೋಡುತ್ತಾ ಇದ್ದಳು. ಆ ಐದು ನಿಮಿಷಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಕೊಡಗಿನ ತರಗತಿಯಲ್ಲಿ ಇದು ಬಹಳ ಮುಖ್ಯ. ಇಪ್ಪತ್ತು ಮಕ್ಕಳಿರುವ ಕೋಣೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವರ ಮಾತು, ಜೇನುಕುರುಬರ ಮಾತು, ತಮಿಳು, ಈಚೆಗೆ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಮಾತು, ಇಷ್ಟೂ ಇರಬಹುದು. ಪಾಠದ ಕನ್ನಡ ಇವರಲ್ಲಿ ಬಹಳ ಮಕ್ಕಳಿಗೆ ಎರಡನೆಯದೋ ಮೂರನೆಯದೋ ಭಾಷೆ. ಬಾಯಿ ಕಟ್ಟಿದ ಮಗುವಿಗೆ ಕೈ, ಕಾಲು, ಮುಖ, ಬಣ್ಣ, ತಾಳಗಳ ಮೂಲಕ ಮೊದಲು ಒಳಗೆ ಬರಲು ಒಂದು ಬಾಗಿಲು ಬೇಕು. ಬೇರೆ ಜಿಲ್ಲೆಯಲ್ಲಿ ಕಲೆ ಒಂದು ಹೆಚ್ಚಿನ ಅನುಕೂಲ ಎನ್ನಬಹುದೇನೋ. ಇಲ್ಲಿ ಅದು ಇಲ್ಲದಿದ್ದರೆ ಕೆಲವು ಮಕ್ಕಳಿಗೆ ಶಾಲೆಯೇ ಶುರುವಾಗುವುದಿಲ್ಲ.

ಶಿಕ್ಷಕರ ಕೈಯಿಂದಲೇ ಇಂಥದ್ದು ಹುಟ್ಟಿದ ಉದಾಹರಣೆ ನಮ್ಮ ಗಡಿಯಾಚೆಗೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಾರ್ಡು, ಹಾಡು, ಆಟಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಕಟ್ಟಿದರು. ಕಾರ್ಡುಗಳನ್ನು ಅವರೇ ಬರೆದರು, ಹಾಡುಗಳನ್ನು ಅವರೇ ಕಟ್ಟಿದರು, ಯಾವುದು ನಡೆಯಲಿಲ್ಲವೋ ಅದನ್ನು ಅವರೇ ಕಿತ್ತುಹಾಕಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಣೆಯಾಯಿತು. ಒಳ್ಳೆಯ ಕೆಲಸ. ಆದರೆ ಕಾರ್ಡುಗಳು ಅಚ್ಚಾಗಿ ಬಂದವು, ಕಲಿಕೆಯ ಮೆಟ್ಟಿಲುಗಳು ಮೊದಲೇ ನಿಗದಿಯಾಗಿದ್ದವು, ಶಿಕ್ಷಕರಿಗೆ ಕೆಲವೇ ದಿನಗಳ ತರಬೇತಿ ಸಿಕ್ಕಿತು. ಕೋಟೆಯ ಆ ಶಿಕ್ಷಕರು ಕಾರ್ಡು ಮಾಡುತ್ತಾ ಮಾಡುತ್ತಾ ಕಲಿತದ್ದು ಮಾತ್ರ ಅಚ್ಚಾಗಿ ಬರಲಿಲ್ಲ. ತಲೆಯ ಮೇಲೆ ಚಪ್ಪರದ ದಾರದಲ್ಲಿ ಮಕ್ಕಳ ಚಿತ್ರ ತೂಗುತ್ತಿರುವ ನಲಿ-ಕಲಿ ಕೋಣೆಗೆ ಇವತ್ತು ಹೋಗಿ, ‘ಈ ಚಿತ್ರ ಯಾರದ್ದು, ಯಾಕೆ ಹೀಗೆ ಬರೆದಿದೆ?’ ಎಂದು ಕೇಳಿದರೆ ಕೆಲವು ಶಿಕ್ಷಕಿಯರು ಅರ್ಧ ಗಂಟೆ ಮಾತಾಡುತ್ತಾರೆ. ಇನ್ನು ಕೆಲವರು ಅದು ಹಿಂದಿನ ವರ್ಷದ್ದು ಎನ್ನುತ್ತಾರೆ. ತರಬೇತಿ ಬೆಳೆಸಬೇಕಾದ್ದು ಮೊದಲಿನವರನ್ನು.

ಆದ್ದರಿಂದ ಪ್ರಶಿಕ್ಷಣಾರ್ಥಿ ಮೊದಲು ತಾನು ಆಡಬೇಕು. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಇವರು ನಾಲ್ಕನೇ ತರಗತಿಯಲ್ಲಿ ಕೊನೆಯ ಸಲ ಬಣ್ಣ ಮುಟ್ಟಿದವರು. ಪಿಯುಸಿ, ಪದವಿ ಎಲ್ಲ ಗೈಡಿನ ಮೇಲೆ ದಾಟಿ ಬಂದವರು. ವೃತ್ತಾಕಾರದಲ್ಲಿ ನಿಂತು ಒಂದು ಪ್ರಾಣಿಯ ನಡಿಗೆ ನಡೆಯಿರಿ ಎಂದರೆ ಕೈಕಟ್ಟಿಕೊಂಡು ನೆಲ ನೋಡುತ್ತಾರೆ. ಮೈಚಳಿ ಬಿಡಲು ಒಂದು ವಾರ ಬೇಕು, ಕೆಲವರಿಗೆ ತಿಂಗಳು. ಈ ನಾಚಿಕೆ ಬಹಳ ಬೆಲೆಯದ್ದು ಎಂಬುದು ನನ್ನ ಅನುಭವ. ತನಗೆ ಎದ್ದು ನಿಂತು ಹಾಡಲು ಎಷ್ಟು ಕಷ್ಟವಾಯಿತು ಎಂದು ನೆನಪಿಟ್ಟುಕೊಂಡ ಶಿಕ್ಷಕಿ, ಮೂಲೆಯಲ್ಲಿ ಕೂತ ಮಗುವನ್ನು ‘ಬಾ, ಬಾ, ಎಲ್ಲರೂ ಬಂದರು ನೋಡು’ ಎಂದು ಎಳೆದು ತರುವುದಿಲ್ಲ. ತಾನು ಬರೆದ ಆನೆಯನ್ನು ಯಾರೋ ಹಂದಿ ಎಂದಾಗ ಆದ ನೋವು ಗೊತ್ತಿದ್ದವಳು ಮಗುವಿನ ಚಿತ್ರಕ್ಕೆ ಕೆಂಪು ಶಾಯಿಯಲ್ಲಿ ಟಿಕ್ ಹಾಕಲು ಹಿಂದೆ ಮುಂದೆ ನೋಡುತ್ತಾಳೆ. ಪಾಠ ಮಾಡಿ ಇದನ್ನು ಕಲಿಸಲು ಬರುವುದಿಲ್ಲ.

ಆಟ ಎಂದರೆ ಕೊಡಗಿನಲ್ಲಿ ಯಾರಿಗೂ ಅಗೌರವ ಇಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುವ ಜಿಲ್ಲೆ ಇದು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ ಇಲ್ಲದ ಊರು ಕಡಿಮೆ. ಆದರೆ ಇಲ್ಲಿಯ ಆಟದ ಗೌರವವೆಲ್ಲ ಗೆಲುವಿನ ಸುತ್ತ ಇದೆ. ತರಗತಿಯ ಆಟದಲ್ಲಿ ಗೆಲುವು ಬಂದ ಕೂಡಲೇ ಓದಲು ಬಾರದ ಮಗು ಅಂಚಿಗೆ ಸರಿಯುತ್ತದೆ. ‘ಯಾರು ಮೊದಲು ಹೇಳ್ತೀರಿ’ ಎನ್ನುವ ಆಟಗಳೇ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ಹೆಚ್ಚು. ಕೇಳಿದರೆ ಮಕ್ಕಳಿಗೆ ಹುರುಪು ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಮೊದಲು ಹೇಳುವ ಮೂವರಿಗೆ.

ಊರ ಬಯಲಾದ ಮಂದ್‌ನಲ್ಲಿ ನಡೆಯುವ ಕೋಲಾಟ ಬೇರೆ ಬಗೆಯದ್ದು. ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಊರವರು ಸೇರಿ ಸುತ್ತು ಹಾಕುವಾಗ ಬಾರದವನು ಬಲ್ಲವನ ಪಕ್ಕದಲ್ಲಿ ಸೇರಿಕೊಳ್ಳುತ್ತಾನೆ, ಮೂರು ಸುತ್ತಿನಲ್ಲಿ ಅವನ ಕಾಲಿಗೆ ಹೆಜ್ಜೆ ಸಿಕ್ಕಿರುತ್ತದೆ. ಉಮ್ಮತ್ತಾಟ್‌ನಲ್ಲಿ ತಾಳ ಹಿಡಿದು ಸುತ್ತುವ ಹೆಂಗಸರ ನಡುವೆ ಹುಡುಗಿಯರು ಹೀಗೆಯೇ ಕಲಿಯುತ್ತಾರೆ. ಯಾರೂ ಮೊದಲು ಪಾಠ ಮಾಡಿ ಆಮೇಲೆ ಆಡಿಸುವುದಿಲ್ಲ. ದುಡಿ ಬಡಿಯುವವನ ಎದುರು ಕೂತು ತೊಡೆ ಮೇಲೆ ಬಡಿಯುತ್ತಾ ಹಾಡು ಹಿಡಿಯುವ ಹುಡುಗನಿಗೆ ಯಾರೂ ಅಂಕ ಕೊಟ್ಟಿಲ್ಲ. ತರಬೇತಿಯಲ್ಲಿ ‘ಸಹಭಾಗಿ ಕಲಿಕೆ’ ಎಂದು ಬಾಯಿಪಾಠ ಮಾಡಿಸುವ ವಿಚಾರ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರ ಮೈಗೆ ಆಗಲೇ ಗೊತ್ತಿದೆ. ಅದನ್ನೇ ಹಿಡಿದು, ‘ನೀನು ಕೋಲಾಟ ಹೇಗೆ ಕಲಿತೆ, ನೆನಪು ಮಾಡಿ ಬರೆ’ ಎಂದು ಶುರುಮಾಡಿದರೆ ಎಷ್ಟು ದೂರ ಹೋಗಬಹುದು!

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಜನಪದ ಕಲೆ ಶಾಲೆಗೆ ಬಂದ ಕೂಡಲೇ ವೇದಿಕೆ ಹತ್ತಿಬಿಡುತ್ತದೆ. ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಎಂಟು ಮಕ್ಕಳನ್ನು ಆರಿಸಿ, ಬಾಡಿಗೆ ಉಡುಪು ತರಿಸಿ, ಎರಡು ವಾರ ಪಾಠ ಬಿಟ್ಟು ಅಭ್ಯಾಸ ಮಾಡಿಸುತ್ತೇವೆ. ಉಳಿದ ಮಕ್ಕಳು ನೋಡುತ್ತಾ ಕೂರುತ್ತಾರೆ. ಹೊಸ ಶಿಕ್ಷಕರಿಗೆ ಶಾಲೆಯಲ್ಲಿ ಕಲೆ ಎಂದರೆ ಇಷ್ಟೇ ಎಂದು ಅನ್ನಿಸುವುದು ಸಹಜ. ಎಂಟು ಮಕ್ಕಳ ನೃತ್ಯ ಚೆನ್ನಾಗಿರಲಿ. ಆದರೆ ಅದರ ತಯಾರಿಯನ್ನು ತರಬೇತಿಯ ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು, ಮಂದ್‌ನ ಆಟ ಎಲ್ಲ ಮಕ್ಕಳದ್ದೂ ಅಲ್ಲ. ಲೈನ್ ಮನೆಯ ಅಂಗಳದ ಆಟ, ಹಾಡಿಯ ಹಾಡು, ಮಾಪಿಳ್ಳೆ ಮನೆಯ ಮದುವೆ ಪದ ಇವೂ ಅದೇ ನೆಲದವು. ಯಾವುದನ್ನು ‘ನಮ್ಮ ಸಂಸ್ಕೃತಿ’ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ ಎಂಬುದನ್ನು ಮಕ್ಕಳು ಬಹಳ ಸೂಕ್ಷ್ಮವಾಗಿ ಗಮನಿಸುತ್ತಾರೆ.

ಮಳೆಯ ಮಾತು ಆಡದೆ ಕೊಡಗಿನ ಶಾಲೆಯ ಬಗ್ಗೆ ಬರೆಯಲಾಗದು. ಒಂದನೇ ತರಗತಿಗೆ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಆಟದ ಮೂಲಕವೇ ಶಾಲೆ ಪರಿಚಯಿಸುವ ‘ವಿದ್ಯಾ ಪ್ರವೇಶ’ 2021ರಲ್ಲಿ ಬಂತು. ಆ ಮೂರು ತಿಂಗಳು ಎಂದರೆ ಜೂನ್, ಜುಲೈ, ಆಗಸ್ಟ್. ಭಾಗಮಂಡಲ, ಶಾಂತಳ್ಳಿ, ಶ್ರೀಮಂಗಲ ಕಡೆ ಆಗ ಅಂಗಳ ಎಂಬುದೇ ಇರುವುದಿಲ್ಲ, ನೀರು ಇರುತ್ತದೆ. ಶೀಟಿನ ಮೇಲೆ ಮಳೆ ಬೀಳುವಾಗ ಶಿಕ್ಷಕಿಯ ದನಿ ಎರಡನೇ ಬೆಂಚಿಗೆ ತಲುಪುವುದಿಲ್ಲ. ಚಾರ್ಟು ಸುರುಟಿಕೊಳ್ಳುತ್ತದೆ, ಗಮ್ ಹಿಡಿಯುವುದಿಲ್ಲ, ಮಣ್ಣಿನಲ್ಲಿ ಮಾಡಿದ ಗೊಂಬೆ ಹದಿನೈದು ದಿನವಾದರೂ ಒಣಗದೆ ಬೂಸ್ಟು ಹಿಡಿಯುತ್ತದೆ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್ ಇರುವುದು ಕೂಡಿಗೆಯಲ್ಲಿ, ಹಾರಂಗಿ ಕಾವೇರಿಯನ್ನು ಸೇರುವ ಬಯಲು ಸೀಮೆಯ ಅಂಚಿನಲ್ಲಿ. ಅಲ್ಲಿ ಮಳೆ ಇಷ್ಟಿಲ್ಲ. ಆ ಬಯಲಿನಲ್ಲಿ ಆಡಿ ಕಲಿತದ್ದು ಭಾಗಮಂಡಲದ ಜೂನಿನಲ್ಲಿ ಕೆಲಸಕ್ಕೆ ಬರಬೇಕಾದರೆ, ಮಳೆಗಾಲದ ಆಟಗಳೇ ಬೇರೆ ಎಂದು ಮೊದಲೇ ಕಲಿಸಬೇಕು.

ಮಳೆಗಾಲದ ಆಟಗಳು ಇಲ್ಲದೇ ಇಲ್ಲ. ದನಿ ಕೇಳದಿದ್ದರೆ ಮೂಕಾಭಿನಯಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದು? ಕರೆಂಟು ಹೋದ ಮಧ್ಯಾಹ್ನ ಒಂದು ಟಾರ್ಚು, ಒಂದು ಬಿಳಿ ಪಂಚೆ ಇದ್ದರೆ ನೆರಳಿನ ಆಟ. ಒಬ್ಬ ಶಿಕ್ಷಕಿ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮದ್ದ್ ಸೊಪ್ಪು ಕುದಿಸಿದ ನೀರನ್ನು ಬಾಟಲಿಯಲ್ಲಿ ತಂದಿದ್ದರು. ಹದಿನೆಂಟನೇ ದಿನ ಮನೆಮನೆಯಲ್ಲೂ ಪಾಯಸ ಮಾಡುವ ಆ ಸೊಪ್ಪಿನ ಗಾಢ ನೇರಳೆ ಬಣ್ಣ ಮಕ್ಕಳಿಗೆಲ್ಲ ಗೊತ್ತು. ಅದನ್ನು ಮೂರು ಲೋಟಕ್ಕೆ ಹಾಕಿ, ಒಂದಕ್ಕೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಸೋಡಾಪುಡಿ ಹಾಕಿ, ‘ಏನಾಗಬಹುದು?’ ಎಂದು ಕೇಳಿ, ನೋಡಿ, ಆ ಮೂರನ್ನೂ ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದ್ದಿ ಚಿತ್ರ ಬರೆಸಿದರು. ವಿಜ್ಞಾನವೂ ಚಿತ್ರವೂ ಅಡುಗೆಮನೆಯೂ ಒಂದೇ ಕಡೆ. ನನ್ನ ಜೊತೆ ಬಂದಿದ್ದ ಪ್ರಶಿಕ್ಷಣಾರ್ಥಿಗಳು ಅಂದು ಪಾಠೋಪಕರಣ ಅಂಗಡಿಯಲ್ಲಿ ಸಿಗುವ ವಸ್ತು ಎಂಬ ನಂಬಿಕೆಯನ್ನು ಬಿಟ್ಟರು ಅಂದುಕೊಂಡಿದ್ದೇನೆ.

ಚಿತ್ರಕಲಾ ಶಿಕ್ಷಕರು, ಸಂಗೀತ ಶಿಕ್ಷಕರು ಬಂದು ಇದನ್ನೆಲ್ಲ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿದರೆ ಉತ್ತರ ಸಿಗುತ್ತದೆ. ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರನ್ನು ಅದು ಕೊಡುವುದು ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ತೋಟದ ನಡುವೆ, ಗುಡ್ಡದ ಮೇಲೆ ಚದುರಿದ ನಮ್ಮ ಶಾಲೆಗಳಲ್ಲಿ ಆ 100 ಎಂಬ ಸಂಖ್ಯೆ ಎಲ್ಲಿಂದ ಬರಬೇಕು? ಅಂದರೆ ಇಲ್ಲಿ ಕಲೆ ಬರುವುದಾದರೆ ಕನ್ನಡ, ಗಣಿತ ಕಲಿಸುವ ಅದೇ ಇಬ್ಬರ ಕೈಯಿಂದ ಬರಬೇಕು. ಹಾಗಿದ್ದೂ ಇಂಟರ್ನ್‌ಶಿಪ್ಪಿಗೆ ನಾವು ಪ್ರಶಿಕ್ಷಣಾರ್ಥಿಗಳನ್ನು ಹೆಚ್ಚಾಗಿ ಕಳಿಸುವುದು ಬಸ್ಸಿನ ಅನುಕೂಲ ನೋಡಿ, ಪಟ್ಟಣದ ದೊಡ್ಡ ಶಾಲೆಗಳಿಗೆ. ಕಲಿಯುವುದು ಒಂದು ತರಗತಿ, ಒಂದು ಕೋಣೆ ಇರುವಲ್ಲಿ. ಕೆಲಸ ಸಿಗುವುದು ನಾಲ್ಕು ತರಗತಿ ಒಂದೇ ಕೋಣೆಯಲ್ಲಿ ಕೂರುವಲ್ಲಿ. ಬಹುತರಗತಿಯ ಕೋಣೆಯಲ್ಲಿ ಆಟ ನಡೆಸುವುದು ಬೇರೆಯೇ ವಿದ್ಯೆ. ಅಲ್ಲಿ ನಾಲ್ಕನೆಯವನು ಒಂದನೆಯವಳಿಗೆ ನಿಯಮ ಹೇಳಿಕೊಡುತ್ತಾನೆ, ಹೇಳಿಕೊಡುವಾಗ ತಾನೇ ಕಲಿಯುತ್ತಾನೆ.

ತಂದೆತಾಯಂದಿರ ಅಳುಕನ್ನು ನಾನು ಹಗುರವಾಗಿ ನೋಡಲಾರೆ. ‘ಶಾಲೆಯಲ್ಲಿ ಬರೀ ಆಟ ಆಡಿಸ್ತಾರೆ, ಬರೆಸೋದೇ ಇಲ್ಲ’ ಎಂದು ಹೇಳಿ ಮಗುವನ್ನು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದ ತಾಯಿ ದಿನಕೂಲಿಯಲ್ಲಿ ಫೀಸು ಕಟ್ಟುತ್ತಾಳೆ. ಅವಳ ಮಗು ಮೂರನೇ ತರಗತಿಗೆ ಬಂದರೂ ನಾಲ್ಕು ಸಾಲು ಓದಲಾರದೆ ಇದ್ದರೆ ಅವಳ ದೂರು ನೂರಕ್ಕೆ ನೂರು ನ್ಯಾಯ. ಆಟ ಓದು ಬರಹಕ್ಕೆ ಕೊಂಡೊಯ್ಯದೆ ಅಲ್ಲಲ್ಲೇ ಮುಗಿದು ಹೋದರೆ ಹೆಚ್ಚು ನಷ್ಟವಾಗುವುದು ಮನೆಯಲ್ಲಿ ಪುಸ್ತಕ ಇಲ್ಲದ ಮಗುವಿಗೇ. ಆ ಐದು ನಿಮಿಷಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕೇ. ಸಂತೆಯ ಬೈಗುಳ ಬೋರ್ಡಿಗೆ ಬಂದು ಓದಿನ ಪಾಠವಾಯಿತು. ಕೋಲಿನ ಪೆಟ್ಟು ಬೋರ್ಡಿಗೆ ಬರಬೇಕಿತ್ತು, ಬರಲಿಲ್ಲ.

ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರೂ ಆಗಿದ್ದವರು. ಮಕ್ಕಳಿಗಾಗಿ ಅವರು ಬರೆದ ಹಾಡು, ಕತೆಗಳನ್ನು ಕನ್ನಡದ ಮಕ್ಕಳು ನೂರು ವರ್ಷದಿಂದ ಹಾಡುತ್ತಾ ಬಂದಿದ್ದಾರೆ. ಘಟ್ಟ ಇಳಿದರೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳಿಗೆ ನಾಟಕ ಆಡಿಸಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಇಲ್ಲಿಂದ ಎರಡು ಮೂರು ಗಂಟೆಯ ದಾರಿ. ನಮಗೆ ದೂರದ ಮಾದರಿ ಬೇಕಿಲ್ಲ.

ಈಗ ಆಗಬೇಕಾದ್ದರಲ್ಲಿ ನನಗೆ ಮೊದಲು ಕಾಣುವುದು ಮಾರ್ಗದರ್ಶಿ ಶಿಕ್ಷಕರ ಸಮಯ. ಇಂಟರ್ನ್‌ಶಿಪ್ಪಿನ 20 ವಾರದಲ್ಲಿ ಪ್ರಶಿಕ್ಷಣಾರ್ಥಿ ಪಾಠ ಮಾಡುತ್ತಾಳೆ, ನಾವು ಸಹಿ ಹಾಕುತ್ತೇವೆ. ಪಾಠ ಮುಗಿದ ಕೂಡಲೇ ನಮ್ಮದು ಇನ್ನೊಂದು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ. ಅವಳ ಜೊತೆ ಕೂತು, ‘ಹನ್ನೆರಡಕ್ಕೆ ಕೋಲು ಬಿದ್ದಾಗ ನಿನಗೆ ಏನನ್ನಿಸಿತು?’ ಎಂದು ಕೇಳಲು ವೇಳಾಪಟ್ಟಿಯಲ್ಲಿ ಜಾಗ ಇಲ್ಲ. ವಾರಕ್ಕೆ ಎರಡು ಅವಧಿಯನ್ನು ಅಧಿಕೃತವಾಗಿ ಇದಕ್ಕೇ ಬಿಟ್ಟುಕೊಟ್ಟರೆ ಖರ್ಚಿಲ್ಲದೆ ಬಹಳಷ್ಟು ಬದಲಾಗುತ್ತದೆ. ಎರಡನೆಯದು, ಇಂಟರ್ನ್‌ಶಿಪ್ಪಿನ ಒಂದು ಪಾಲಾದರೂ ಜೂನ್ ತಿಂಗಳಲ್ಲಿ, ಇಬ್ಬರು ಶಿಕ್ಷಕರ ಶಾಲೆಯಲ್ಲಿ ಆಗಲಿ. ಕಷ್ಟ ಇದೆ, ಉಳಿಯುವ ವ್ಯವಸ್ಥೆ ಬೇಕು, ರಸ್ತೆ ಕುಸಿದರೆ ಏನು ಎಂಬ ಭಯ 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಮೇಲೆ ಯಾರಿಗೂ ಇದ್ದೇ ಇದೆ. ಮಳೆ ಜೋರಾದ ವಾರ ಬಿಟ್ಟು ಉಳಿದ ವಾರ ಆಗಬಹುದು. ಅಂಚು ಬರೆದ ರೆಕಾರ್ಡಿನ ಬದಲು ಒಂದೇ ಮಗುವನ್ನು ಹತ್ತು ಆಟಗಳಲ್ಲಿ ನೋಡಿ ಬರೆದ ಹತ್ತು ಪುಟಕ್ಕೆ ಅಂಕ ಕೊಡೋಣ. ಬರಹ ಓರೆಕೋರೆ ಇದ್ದರೂ ಸರಿ.

ಅತಿಥಿ ಶಿಕ್ಷಕರನ್ನು ಮರೆಯಬಾರದು. ನಮ್ಮಲ್ಲಿ ಹೊಸ ಶಿಕ್ಷಕರು ಎಂದರೆ ಬಹಳ ಸಲ ಅವರೇ. ಜೂನಿನಲ್ಲಿ ಬರುತ್ತಾರೆ, ಮಾರ್ಚಿನಲ್ಲಿ ಹೋಗುತ್ತಾರೆ, ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಕಾಣುವುದು ಅಪರೂಪ. ಸುತ್ತಲಿನ ಶಾಲೆಗಳ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಅವರನ್ನೂ ಕರೆಯಬೇಕು, ಆ ದಿನದ ಸಂಬಳ ಕತ್ತರಿಸಬಾರದು.

ಕಟ್ಟಡ ಕೇಳುವುದಾದರೆ ನಾನು ಕೇಳುವುದು ಬೆಂಚು ಇಲ್ಲದ ಒಂದು ಖಾಲಿ ಕೋಣೆ, ಸಾಲಾಗಿ ಕೂರಿಸಲು ಆಗದಂಥದ್ದು. ನಾನು ಕೆಲಸ ಮಾಡಿದ ಶಾಲೆಯಲ್ಲಿ ಅದೂ ಇರಲಿಲ್ಲ. ಸಂಜೆ ನಾಲ್ಕೂವರೆಯ ಬಸ್ಸು ಬರುವವರೆಗೆ ನಾನೂ ಆರು ಮಂದಿ ಪ್ರಶಿಕ್ಷಣಾರ್ಥಿಗಳೂ ತಂಗುದಾಣದಲ್ಲಿ ನಿಲ್ಲುತ್ತಿದ್ದೆವು. ಕಾಫಿ ಕಡ್ಡಿಯ ಆ ಹುಡುಗಿ ಒಂದು ಸಂಜೆ ಕೊಡೆಯ ಹಿಡಿಯಿಂದ ತಂಗುದಾಣದ ಕಂಬಕ್ಕೆ ನಾಲ್ಕಕ್ಕೊಮ್ಮೆ ಬಡಿಯುತ್ತಾ, ತನ್ನ ಗೆಳತಿಗೆ ಆರಕ್ಕೊಮ್ಮೆ ಬಡಿಯಲು ಹೇಳಿದಳು. ಹನ್ನೆರಡಕ್ಕೆ ಎರಡೂ ಸೇರಿದಾಗ ನನ್ನ ಕಡೆ ತಿರುಗಿ, ‘ಮೇಡಂ, ನಾಳೆ ಆ ತರಗತಿ ಇನ್ನೊಂದು ಸಲ ಕೊಡ್ತೀರಾ?’ ಎಂದಳು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಒಂಬತ್ತು ಮತ್ತು ಆರು ಹಿಡಿದು ಎಲ್ಲರೂ ಎಣಿಸತೊಡಗಿದೆವು.